ಮುಂದಕ್ಕೇ ಇಳಿಯಬೇಕಾಗಿದ್ದ ಜೀಪು

ತಿಪಟೂರಿನ ಮೆಕ್ಯಾನಿಕ್ ನಿಜಾಮುದ್ದೀನರು ಹುಟ್ಟಿದ್ದು 1953ನೆಯ ಇಸವಿ ಸೆಪ್ಟೆಂಬರ್ 3ರಂದು, ಗುರುವಾರ. ಅವರು ಊರೊಂದರ ಸಮಸ್ತರ ಎದುರಿಗೆ ನಗೆಪಾಟಲಾದದ್ದು 1998ನೆಯ ಇಸವಿ ಫೆಬ್ರವರಿ 12ರಂದು, ಅದೂ ಗುರುವಾರವೇ. ಈ ಎರಡು ಗುರುವಾರಗಳ ನಡುವೆ ಅವರು ಅದೆಷ್ಟೋ ಇಂಜಿನ್ನುಗಳನ್ನು ಬಿಚ್ಚಿ ಜೋಡಿಸಿದ್ದರು. ಅವುಗಳಲ್ಲಿ ಒಂದನ್ನೂ ಯಾರೂ ನೆನಪಿನಲ್ಲಿಟ್ಟುಕೊಳ್ಳಲಿಲ್ಲ. ಜನ ನೆನಪಿಟ್ಟುಕೊಂಡದ್ದು ಎರಡನೆಯ ಗುರುವಾರವನ್ನು ಮಾತ್ರ.

ಬಿ.ಎಚ್. ರಸ್ತೆಯಿಂದ ಒಳಕ್ಕೆ ಹೊರಳುವ ಗಲ್ಲಿಯೊಂದರಲ್ಲಿ ಅವರ ಗ್ಯಾರೇಜಿತ್ತು. ಎಲ್ಲ ಮೆಕ್ಯಾನಿಕ್ಕುಗಳೂ ಕಪ್ಪು, ನೀಲಿ, ಖಾಕಿ ಎಂದು ಕೊಳೆ ಮುಚ್ಚುವ ಬಟ್ಟೆ ತೊಟ್ಟರೆ, ನಿಜಾಮುದ್ದೀನರು ಮಾತ್ರ ಇಸ್ತ್ರಿ ಮಾಡಿದ ಬಿಳಿಯ ಅರ್ಧತೋಳಿನ ಅಂಗಿಯಲ್ಲಿ ಕೆಲಸ ಮಾಡುತ್ತಿದ್ದರು. ಗ್ರೀಸು ಮೆತ್ತಿಕೊಳ್ಳುವುದು ಕೈಯ ಕೆಲಸ, ಅಂಗಿಯದಲ್ಲ ಎಂಬುದು ಅವರ ವಾದ. ಆ ಅಂಗಿಗಳನ್ನು ಒಗೆಯುತ್ತಿದ್ದ ಪತ್ನಿ ರಹಮತುನ್ನೀಸಾ ಬೇಗಂ ಉರ್ದುವಿನಲ್ಲಿ ಹೇಳುತ್ತಿದ್ದುದನ್ನು ಕನ್ನಡಕ್ಕೆ ತಂದರೆ, “ನಿಮ್ಮ ವಾದ ಕೇಳಿದರೆ ಸಾಕು, ಅಂಗಿ ತಾನಾಗಿ ಬೆಳ್ಳಗಾಗುತ್ತದೆ,” ಎಂದಾಗುತ್ತದೆ.

ಅವರಿಗೆ ಇನ್ನೊಂದು ದೌರ್ಬಲ್ಯವಿತ್ತು. ಒಂದು ಕೆಲಸಕ್ಕೆ ಎರಡು ಉಪಾಯಗಳಿದ್ದು, ಒಂದಕ್ಕೆ ಸ್ಪ್ಯಾನರ್ ಬೇಕಾಗಿ, ಇನ್ನೊಂದಕ್ಕೆ ಬೇಡವಾಗಿದ್ದರೆ, ಅವರ ಮನಸ್ಸು ಮೊದಲನೆಯ ಕಡೆಗೇ ಓಡುತ್ತಿತ್ತು. ಈ ಮಾತನ್ನು ಓದುಗರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು.

ಎಸ್ಸೆಸ್ಸೆಲ್ಸಿಯ ಗಣಿತ ಕೈಕೊಟ್ಟ ಮೇಲೆ, 1970ನೆಯ ಇಸವಿ ಜೂನ್ 1, ಸೋಮವಾರದಂದು ಅವರು ಯಾಸೀನ್ ಸಾಬರ ಶೆಡ್ಡಿಗೆ ಸೇರಿದರು. ವರ್ಷಕ್ಕೂ ಮೇಲ್ಪಟ್ಟು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದದ್ದೇ ವಿದ್ಯಾಭ್ಯಾಸ. 1971ರ ನವೆಂಬರಿನಲ್ಲಿ, ನೊಣವಿನಕೆರೆಯಿಂದ ಆಚೆಗಿರುವ ಒಂದು ಹಳ್ಳಿಯ ತೋಟದ ಯಜಮಾನರಾದ ಮೂಡಲಗಿರಿಯಪ್ಪನವರ ಜೀಪು ಹೊಗೆಯುಗುಳುತ್ತ ಆ ಶೆಡ್ಡಿಗೆ ಬಂತು. ಯಾಸೀನ್ ಸಾಬರು ಅದನ್ನೊಮ್ಮೆ, ಶಿಷ್ಯನನ್ನೊಮ್ಮೆ ನೋಡಿ, “ನೀನೇ ಬಿಚ್ಚು, ನೀನೇ ಮುಚ್ಚು. ನಾನು ಕೈ ಹಾಕಾಕಿಲ್ಲ,” ಎಂದು ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಕೆಲಸ ಮುಗಿದು ಇಂಜಿನ್ ಹದವಾಗಿ ಮಿಡಿಯತೊಡಗಿದಾಗ ಅವರು ಕುಡಿಯುತ್ತಿದ್ದ ಚಹಾದಲ್ಲಿ ಅರ್ಧವನ್ನು ಸಾಸರಿಗೆ ಬಗ್ಗಿಸಿ ಶಿಷ್ಯನ ಕಡೆ ನೀಡಿದರು. ನಿಜಾಮುದ್ದೀನರ ಪದವಿಪ್ರದಾನ ಸಮಾರಂಭ ಅಷ್ಟೇ. ಯಾಸೀನ್ ಸಾಬರು 1989ರಲ್ಲಿ ತೀರಿಕೊಂಡರು. ಆ ಶೆಡ್ಡು ಹೋಯಿತು, ಸ್ಟೂಲು ಹೋಯಿತು. ಉಳಿದದ್ದು ಆ ಜೀಪೊಂದೇ.

ಆ ಜೀಪಿಗೆ ಒಬ್ಬರು ಶತ್ರುವಿದ್ದರು: ಮೂಡಲಗಿರಿಯಪ್ಪನವರ ಪತ್ನಿ ಚೌಡಮ್ಮನವರು. ದ್ವೇಷಕ್ಕೆ ತಕ್ಕ ಕಾರಣವೂ ಇತ್ತು. 1994ನೆಯ ಇಸವಿ ಮೇ 22, ಭಾನುವಾರ, ಹುಳಿಯಾರಿನಲ್ಲಿ ಅವರ ತಮ್ಮನ ಮಗಳ ಮದುವೆ. ಊರು ಇನ್ನೇನು ಕಾಣಬೇಕು ಎನ್ನುವಾಗ ಜೀಪು ನಿಂತಿತು. ಮೂಡಲಗಿರಿಯಪ್ಪನವರು ಸ್ಟೇರಿಂಗ್ ಬಿಟ್ಟು ಇಳಿಯುವಂತಿರಲಿಲ್ಲ. ಆದ್ದರಿಂದ ಸೋದರತ್ತೆಯಾದ ಚೌಡಮ್ಮನವರು, ಉಟ್ಟ ಹೊಸ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಿರುಬಿಸಿಲಿನಲ್ಲಿ ಜೀಪನ್ನು ತಳ್ಳಿಕೊಂಡು ಛತ್ರ ಮುಟ್ಟಿದರು. ಧಾರೆ ಮುಗಿದು ಎರಡನೆಯ ಪಂಕ್ತಿ ಏಳುತ್ತಿತ್ತು. ಅಂದಿನಿಂದ ಜೀಪಿಗೆ, ಕಾಯಿ ಕೊಬ್ಬರಿಯಾಗಲೆಂದು ತುಂಬಿಡುವ ಅಟ್ಟದ ಕೆಳಗೆ ವನವಾಸ ಪ್ರಾಪ್ತವಾಯಿತು. ಹಿಂದಿನ ಸೀಟಿನಲ್ಲಿ ಹುಂಜವೊಂದು ಸಂಸಾರ ಹೂಡಿತು.

1996ರ ಅಕ್ಟೋಬರಿನಲ್ಲಿ ಗುಜರಿಯವನೊಬ್ಬ ಬಂದು ಜೀಪಿನ ಬಾನೆಟ್ಟನ್ನು ಬೆರಳಿನಿಂದ ತಟ್ಟಿ ನೋಡಿ ಹೋದನೆಂಬ ಸುದ್ದಿ ತಿಪಟೂರಿಗೆ ಮುಟ್ಟಿದ ಮಧ್ಯಾಹ್ನವೇ, ನಿಜಾಮುದ್ದೀನರು ಕೈಯಲ್ಲಿದ್ದ ಕೆಲಸ ಬಿಟ್ಟು ಬಸ್ಸು ಹತ್ತಿದರು.

“ಅಕ್ಕ, ಅದನ್ನ ಕತ್ತರಿಸಾಕೆ ಕೊಡಬ್ಯಾಡಿ. ನಾನು ಎಬ್ಬಿಸ್ತೀನಿ.”

“ಎಬ್ಬಿಸಿ ಏನ್ ಮಾಡ್ತೀಯ ನಿಜಾಮಣ್ಣ? ಮತ್ತೆ ನನ್ ಕೈಲೇ ತಳ್ಳಿಸ್ತೀರ.”

“ಯಾರೂ ತಳ್ಳಂಗಿಲ್ಲ ಕಣಕ್ಕ. ತಾನೇ ನಡ್ಕಂಡು ಬಂದು ಈ ಅಟ್ಟದ ಕೆಳಗೆ ನಿಲ್ತದೆ.”

ಚೌಡಮ್ಮನವರು ಗಂಡನ ಕಡೆ ನೋಡಿದರು. ಗಂಡ ಅಟ್ಟದ ಜಂತೆಯ ಕಡೆ ನೋಡಿದರು.

“ಸರಿ ಹಂಗಾರೆ,” ಎಂದರು ಚೌಡಮ್ಮನವರು. “ನಮ್ಮ ಕಣಕ್ಕೆ ಬಂದ್ಮೇಲೆ ಯಾರ ಕೈಯೂ ಸೋಕದಂಗೆ ಅಟ್ಟದ ಕೆಳಕ್ಕೆ ಬಂದು ನಿಂತ್ರೆ ಅದು ಇಲ್ಲೇ ಇರ್ಲಿ. ಒಬ್ರು ತಳ್ಳಿದ್ರೂ ಸೈ, ಅವತ್ತೇ ಗುಜರಿಯವ್ನಿಗೆ ಹೇಳ್ಕಳುಸ್ತೀನಿ. ಆಮೇಲೆ ಅಕ್ಕ ಗಿಕ್ಕ ಅನ್ನಂಗಿಲ್ಲ.”

ಮರುದಿನವೇ ಜೀಪನ್ನು ಎಳೆದು ತಿಪಟೂರಿಗೆ ಒಯ್ದರು. ಬೇರೆ ಗಿರಾಕಿಗಳ ಕೆಲಸದ ನಡುವೆ ಬಿಡುವು ಮಾಡಿಕೊಂಡು, ಸಿಗದ ಸಾಮಾನನ್ನು ಬೆಂಗಳೂರಿನ ಹಳೆಯ ಅಂಗಡಿಗಳಲ್ಲಿ ಹುಡುಕಿ ತಂದು, ನಿಜಾಮುದ್ದೀನರು ಒಂದು ವರ್ಷಕ್ಕೂ ಹೆಚ್ಚು ಕಾಲ ದುಡಿದರು. 1998ರ ಫೆಬ್ರವರಿ ಮೊದಲ ವಾರದಲ್ಲಿ ಇಂಜಿನ್ ಮಿಡಿಯಿತು. ರಹಮತುನ್ನೀಸಾ ಬೇಗಂ ಗ್ಯಾರೇಜಿನ ಹಿಂದೆಯೇ ಇದ್ದ ಮನೆಯ ಅಡುಗೆಮನೆಯಿಂದಲೇ, “ಎದ್ದಿತೋ ನಿಮ್ಮ ಮೊದಲ ಹೆಂಡತಿ?” ಎಂದು ಕೇಳಿದರು. ನಿಜಾಮುದ್ದೀನರು ಬಾನೆಟ್ಟಿಗೆ ಕಿವಿಗೊಟ್ಟು ನಿಂತಿದ್ದರು. ಅವರಿಗೆ ಆ ಸದ್ದಿನಲ್ಲಿ ಸಾಸರಿಗೆ ಚಹಾ ಬೀಳುವ ಸದ್ದು ಕೇಳಿಸುತ್ತಿತ್ತು.

ಜೀಪಿನ ಕಾಗದಪತ್ರಗಳ ಅವಧಿ ಮುಗಿದಿದ್ದುದರಿಂದ ಅದನ್ನು ರಸ್ತೆಯ ಮೇಲೆ ಓಡಿಸುವಂತಿರಲಿಲ್ಲ. ಹೊಸದಾಗಿ ಮಾಡಿಸುವವರೆಗೆ ಮನೆಯಲ್ಲಿರಲಿ ಎಂದು, ಮೂಡಲಗಿರಿಯಪ್ಪನವರು ನೆರೆಮನೆಯ ಬೀರೇಶನ ಟ್ರ್ಯಾಕ್ಟರಿಗೆ ಕಾಯಿ ಹೊರುವ ಎರಡು ಚಕ್ರದ ಟ್ರೇಲರನ್ನು ಕಟ್ಟಿಸಿಕೊಂಡು ಫೆಬ್ರವರಿ 12ರ ಬೆಳಿಗ್ಗೆ ಗ್ಯಾರೇಜಿಗೆ ಬಂದರು. ನಿಜಾಮುದ್ದೀನರು ಜೀಪನ್ನು ಹಿಮ್ಮುಖವಾಗಿ ಹತ್ತಿಸಲು ಸಿದ್ಧರಾದರು. ಹಾಗೆ ಹತ್ತಿಸಿದರೆ ಇಳಿಸುವಾಗ ಮೂತಿ ಮುಂದಾಗಿ ಇಳಿಯುತ್ತದೆ. ಇದು ಕಸುಬಿನ ಸಾಮಾನ್ಯ ಜ್ಞಾನ.

“ಏಯ್ ನಿಜಾಮು, ಏನ್ಲಾ ಮಾಡ್ತಿದೀಯ?” ಮೂಡಲಗಿರಿಯಪ್ಪನವರು ಕೈ ಅಡ್ಡ ಹಿಡಿದರು. “ಮರುಜನ್ಮ ಎತ್ತಿ ಹೊರಟಿರೋ ಗಾಡಿ. ಮೊದ್ಲ ಹೆಜ್ಜೆ ಹಿಂದಕ್ಕೆ ಇಡಿಸ್ತೀಯ? ಮುಂದಕ್ಕೆ ಹತ್ತಿಸು.”

“ಯಜಮಾನ್ರೆ, ಇಳಿಸ್ಬೇಕಾದ್ರೆ—”

“ಇಳಿಸ್ಬೇಕಾದ್ರೆ ನೋಡ್ಕಳ್ಳಾನ ಬುಡು.”

ಜೀಪು ಮುಂದಕ್ಕೇ ಹತ್ತಿತು. ಚಕ್ರಗಳು ಉರುಳದಂತೆ, ಕಲ್ಲಿಗೆ ಬದಲಾಗಿ ತೆಂಗಿನಕಾಯಿಯ ಸಿಪ್ಪೆಗಳನ್ನು ಒತ್ತಿ ತುರುಕಿದರು. ಆ ಸೀಮೆಯಲ್ಲಿ ಕಲ್ಲಿಗಿಂತ ಸಿಪ್ಪೆಯೇ ಬೇಗ ಕೈಗೆ ಸಿಗುತ್ತದೆ.

ಊರು ತಲಪಿದಾಗ ಹನ್ನೆರಡು ಗಂಟೆ ದಾಟಿತ್ತು. ಗುರುವಾರದ ರಾಹುಕಾಲ ಒಂದೂವರೆಗೆ ಆರಂಭ. ಅಷ್ಟರೊಳಗೆ ಜೀಪು ಅಟ್ಟದ ಕೆಳಗೆ ಸೇರಬೇಕೆಂದು ಮೂಡಲಗಿರಿಯಪ್ಪನವರ ಅಪ್ಪಣೆಯಾಗಿತ್ತು. ಕಣದ ಒಂದು ಕೊನೆಯಲ್ಲಿ ಅಟ್ಟದ ಮನೆ, ಇನ್ನೊಂದು ಕೊನೆಯಲ್ಲಿ ಆ ವರ್ಷ ಸುಲಿದ ಕಾಯಿಯ ಸಿಪ್ಪೆಯ ದೊಡ್ಡ ಗುಡ್ಡೆ. ಬೀರೇಶ್ ಟ್ರ್ಯಾಕ್ಟರನ್ನು ಅಟ್ಟದ ಕಡೆಗೆ ಮುಖ ಮಾಡಿ ನಿಲ್ಲಿಸಿದ. ಟ್ರೇಲರಿನ ಹಿಂಭಾಗ ಸಿಪ್ಪೆಗುಡ್ಡೆಯ ಕಡೆಗಾಯಿತು. ಹಿಂಬದಿಯ ಬಾಗಿಲು ತೆರೆದು, ಸೀಳಿದ ತೆಂಗಿನ ಮರದ ಎರಡು ದಬ್ಬೆಗಳನ್ನು ಇಳಿಜಾರಾಗಿ ಇಟ್ಟದ್ದೂ ಆಯಿತು. ಹಿಂದಕ್ಕೆ ಇಳಿಸಿ, ಪಕ್ಕದಿಂದ ಬಳಸಿ, ನೇರವಾಗಿ ಅಟ್ಟದ ಕೆಳಗೆ ಹೋದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

“ನಿಲ್ಸು, ನಿಲ್ಸು!” ಎಂದರು ಮೂಡಲಗಿರಿಯಪ್ಪನವರು. “ಮನೆ ಮುಂದೆ ಬಂದು ಹಿಂದಕ್ಕೆ ಹೋಯ್ತದಾ? ಗೃಹಪ್ರವೇಶಕ್ಕೆ ಬಂದ ಹೆಣ್ಣು ಹಿಮ್ಮೆಟ್ಟಿ ಹೋದಂಗೆ! ಚಕ್ರ ನೆಲ ಮುಟ್ಟೋದು ಮುಂದಕ್ಕೇ ಮುಟ್ಟಬೇಕು.”

“ಹತ್ತೋವಾಗ್ಲೂ ಮುಂದಕ್ಕೆ, ಇಳಿಯೋವಾಗ್ಲೂ ಮುಂದಕ್ಕೆ ಅಂದ್ರೆ ಹೆಂಗಪ್ಪೋ?” ಎಂದ ಬೀರೇಶ್. “ಟ್ರೇಲರಿಗೆ ಇರೋದು ಒಂದೇ ಬಾಗ್ಲು.”

ಪೂಜೆಯ ಕಾಯಿ ಹಿಡಿದು ನಿಂತಿದ್ದ ವಯೋವೃದ್ಧರಾದ ಸಣ್ಣತಿಮ್ಮಯ್ಯನವರು, “ಮುಂದ್ಗಡೆ ಹಲಗೆ ಬಿಚ್ಚಕ್ಕಾಗಕಿಲ್ವೇ?” ಎಂದು ಕೇಳಿದರು. ಅವರು ಕೇಳಿದ್ದು ಬರಿಯ ಮಾತಿಗೆ. ಆದರೆ ಬಿಚ್ಚುವ ಶಬ್ದ ಕಿವಿಗೆ ಬಿದ್ದೊಡನೆ ನಿಜಾಮುದ್ದೀನರ ಕೈ ಸ್ಪ್ಯಾನರುಗಳ ಚೀಲದ ಕಡೆಗೆ ಹೋಗಿತ್ತು.

“ಬಿಚ್ಬೌದು,” ಎಂದರು ಅವರು. “ನಾಕು ಬೋಲ್ಟು. ಟ್ರ್ಯಾಕ್ಟರ್ ಬಿಚ್ಚಿ ಪಕ್ಕಕ್ಕೆ ಹಾಕು ಬೀರೇಶ. ಮೂಕಿನ ಕಲ್ಲಿನ ಮೇಲೆ ಇಳಿಸಾನ. ದಬ್ಬೆ ತಂದು ಮುಂದಕ್ಕಿಡಾನ. ರಾಜಗಾಂಭೀರ್ಯವಾಗಿ ಮುಂದಕ್ಕೆ ಇಳೀತದೆ.”

ಟ್ರ್ಯಾಕ್ಟರಿಗೆ ಕೊಂಡಿ ಹಾಕುವ ಟ್ರೇಲರಿನ ಕಬ್ಬಿಣದ ಮೂತಿಯನ್ನು ಅವರೆಲ್ಲ ಎತ್ತಿನಗಾಡಿಯ ಮೂಕಿಯ ಹೆಸರಿನಿಂದಲೇ ಕರೆಯುತ್ತಿದ್ದರು. ಹೆಸರು ಎತ್ತಿನಗಾಡಿಯದು, ಬುದ್ಧಿಯನ್ನು ಮಾತ್ರ ಆ ದಿನ ಯಾರೂ ಅಲ್ಲಿಂದ ತರಲಿಲ್ಲ. ಎತ್ತು ಬಿಚ್ಚಿದ ಗಾಡಿಯ ಹಿಂದಕ್ಕೆ ಭಾರ ಬಿದ್ದರೆ ಮೂಕಿ ಮೇಲಕ್ಕೇಳುತ್ತದೆ ಎಂಬುದು ಅಲ್ಲಿ ನೆರೆದವರೆಲ್ಲರಿಗೂ ಹಾಲು ಹಲ್ಲಿನಿಂದ ತಿಳಿದ ವಿಷಯ. ಆದರೆ ಗಾಡಿಗೆ ರಬ್ಬರಿನ ಟೈರಿದ್ದುದರಿಂದ ಅದು ಅನ್ವಯಿಸದೆಂದು ಭಾವಿಸಿದರೋ ಏನೋ.

ನಾಲ್ಕು ಬೋಲ್ಟುಗಳೂ ಬಿಚ್ಚಿದವು. ಹಲಗೆ ಇಳಿಯಿತು. ಟ್ರ್ಯಾಕ್ಟರ್ ಪಕ್ಕಕ್ಕೆ ಹೋಯಿತು. ದಬ್ಬೆಗಳು ಹಿಂದಿನಿಂದ ಮುಂದಕ್ಕೆ ಬಂದವು. ತೆರೆದ ಹಿಂಬಾಗಿಲನ್ನು ಮುಚ್ಚಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಸಣ್ಣತಿಮ್ಮಯ್ಯನವರು ತಾವಾಗಿಯೇ ಮೂಕಿಯ ಮೇಲೆ ಕುಳಿತರು.

“ಅಣ್ಣೋ, ಅಲ್ಯಾಕೆ ಕೂತ್ಕಂಡ್ರಿ?”

“ಭಾರಕ್ಕೆ ಇರ್ಲಿ ಕಣ್ಲಾ ಬೀರೇಶ. ಒಬ್ರು ಇರ್ಬೇಕು.”

ಸಣ್ಣತಿಮ್ಮಯ್ಯನವರು ಒಣಗಿದ ಗರಿಯಷ್ಟು ತೂಕದ ಮನುಷ್ಯರು. ಕೈಯಲ್ಲಿದ್ದ ಕಾಯಿಯನ್ನು ಸೇರಿಸಿದರೂ ಲೆಕ್ಕಕ್ಕೆ ಬರುವಂಥವರಲ್ಲ.

ನಿಜಾಮುದ್ದೀನರು ಬಿಳಿಯ ಅಂಗಿಯ ಕಾಲರ್ ಸರಿಪಡಿಸಿಕೊಂಡು, ‘ಬಿಸ್ಮಿಲ್ಲಾ’ ಎಂದು ಇಂಜಿನ್ ಚಾಲೂ ಮಾಡಿದರು. ಚೌಡಮ್ಮನವರು ಅಟ್ಟದ ಮನೆಯ ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದರು. ಆ ಮುಖದಲ್ಲಿ ಏನಿದೆಯೆಂದು ನಿಜಾಮುದ್ದೀನರಿಗೆ ಅಷ್ಟು ದೂರದಿಂದ ಕಾಣಲಿಲ್ಲ. ಆದರೆ ಈ ಕಣವನ್ನು ಯಾರ ಕೈಯೂ ಸೋಕದಂತೆ ದಾಟಿದರೆ ಉಸ್ತಾದ್ ಯಾಸೀನ್ ಸಾಬರು ತಮ್ಮ ಕೈಗೆ ಒಪ್ಪಿಸಿದ್ದ ಜೀಪು ಉಳಿಯುತ್ತದೆ, ಇಲ್ಲದಿದ್ದರೆ ನಾಳೆ ಅದರ ಮೇಲೆ ಸುತ್ತಿಗೆ ಬೀಳುತ್ತದೆ ಎಂಬುದು ಸ್ಪಷ್ಟವಾಗಿತ್ತು.

ಮುಂದಿನ ಚಕ್ರಗಳ ಮುಂದೆ ತುರುಕಿದ್ದ ಸಿಪ್ಪೆಗಳು ದಾರಿಯ ಕುಲುಕಾಟಕ್ಕೆ ಅಮರಿಕೊಂಡುಬಿಟ್ಟಿದ್ದವು. ಬೀರೇಶ್ ಜಗ್ಗಿ ನೋಡಿದ. ಬರಲಿಲ್ಲ.

“ಒಂದೇ ಒಂದು ಗೇಣು ಹಿಂದಕ್ಕೆ ತಗೀರಿ ನಿಜಾಮಣ್ಣ. ಸಡಿಲ ಆಯ್ತವೆ.”

“ಹಿಂದಕ್ಕೆ ಬ್ಯಾಡ ಅಂದ್ನಲ್ಲ!” ಎಂದು ಮೂಡಲಗಿರಿಯಪ್ಪನವರು ಕೂಗಿದರು.

“ಯಜಮಾನ್ರೆ, ಇದು ನೆಲದ ಮೇಲಲ್ಲ, ಟ್ರೇಲರ್ ಮೇಲೆ. ಇದು ಲೆಕ್ಕಕ್ಕಿಲ್ಲ,” ಎಂದು ಬೀರೇಶ್ ಶಾಸ್ತ್ರಾರ್ಥ ಮಾಡಿ, ಹಿಂದಿನ ಚಕ್ರಗಳ ಸಿಪ್ಪೆಯನ್ನು ಒದ್ದು ತೆಗೆದ.

ನಿಜಾಮುದ್ದೀನರು ಒಂದು ಗೇಣು ಹಿಂದಕ್ಕೆ ತೆಗೆದರು.

ಮುಂದಿನದು ಬಹಳ ನಿಧಾನವಾಗಿ ನಡೆಯಿತು. ನೋಡಿದವರೆಲ್ಲರೂ ಹಾಗೆಯೇ ಹೇಳುತ್ತಾರೆ. ಟ್ರೇಲರಿನ ಹಿಂಭಾಗ, ನಮಸ್ಕಾರ ಮಾಡುವ ಆನೆಯಂತೆ ಕೆಳಗೆ ಬಗ್ಗಿತು. ಮೂಕಿ ಮೇಲಕ್ಕೆದ್ದಿತು. ಮೂಕಿಯೊಡನೆ ಸಣ್ಣತಿಮ್ಮಯ್ಯನವರೂ, ಅವರೊಡನೆ ಪೂಜೆಯ ಕಾಯಿಯೂ ಮೇಲಕ್ಕೆದ್ದವು. ನಿಜಾಮುದ್ದೀನರು ಬ್ರೇಕನ್ನು ತುಳಿದರು. ಬ್ರೇಕು ಹಿಡಿಯಿತು, ಅವರೇ ಕೂರಿಸಿದ ಬ್ರೇಕು, ಹಿಡಿಯದೆ ಏನು? ಆದರೆ ವರ್ಷಗಟ್ಟಲೆ ಕಾಯಿ ಉರುಳಿ ಉರುಳಿ ಕನ್ನಡಿಯಂತಾಗಿದ್ದ ಟ್ರೇಲರಿನ ತಗಡಿನ ಮೇಲೆ, ನಿಂತ ಚಕ್ರಗಳೂ ಜಾರಿದವು. ಬಿಳಿಯ ಅಂಗಿಯ ಮೆಕ್ಯಾನಿಕ್ಕರು ಎರಡು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಆಕಾಶಕ್ಕೆ ಮುಖ ಮಾಡಿ, ಹಿಮ್ಮುಖವಾಗಿ ಕಣವನ್ನು ಪ್ರವೇಶಿಸಿ, ಬಂದ ವೇಗದಲ್ಲಿಯೇ ಸಿಪ್ಪೆಗುಡ್ಡೆಯೊಳಗೆ ಅರ್ಧ ಜೀಪಿನವರೆಗೆ ಹೂತುಹೋದರು. ಇಂಜಿನ್ ಒಮ್ಮೆ ಕೆಮ್ಮಿ ನಿಂತುಹೋಯಿತು.

ಟ್ರೇಲರಿನ ತೆರೆದ ಹಿಂಬಾಗಿಲು ನೆಲಕ್ಕೆ ನಾಟಿಕೊಂಡುಬಿಟ್ಟಿದ್ದರಿಂದ ಮೂಕಿ ಮೇಲೆಯೇ ಉಳಿಯಿತು. ಎತ್ತರದಿಂದ ಸಣ್ಣತಿಮ್ಮಯ್ಯನವರ ಧ್ವನಿ ಬಂತು.

“ಲೇ ಬೀರೇಶ, ನನ್ನ ಇಳಿಸ್ಲಾ.”

“ಹೆಂಗಿಳಿಸ್ಲಿ ಅಣ್ಣೋ, ಮುಂದಕ್ಕಾ ಹಿಂದಕ್ಕಾ?”

ಆಗ ಊರು ನಕ್ಕಿತು. ನಿಜಾಮುದ್ದೀನರಿಗೆ ಪೆಟ್ಟೇನೂ ಆಗಿರಲಿಲ್ಲ. ಸಿಪ್ಪೆ ಹಾಸಿಗೆಯಂತೆ ಹಿಡಿದಿತ್ತು. ಅಂಗಿಯ ತುಂಬ ನಾರು. ಅವರು ಕೀಲಿ ತಿರುಗಿಸಿದರು. ಇಂಜಿನ್ ಗುರುಗುಟ್ಟಿತು, ಹತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದರು. ಇಲ್ಲ. ಇಳಿದು ಬಾನೆಟ್ ಎತ್ತಿ ನೋಡಿದರು. ಪೆಟ್ರೋಲ್ ಇತ್ತು, ಕಿಡಿ ಇತ್ತು, ಎಲ್ಲವೂ ಇದ್ದ ಕಡೆಯೇ ಇತ್ತು. ತಮಗೆ ತಿಳಿದದ್ದೆಲ್ಲವೂ ಸರಿಯಾಗಿದ್ದು, ಆದರೂ ಇಂಜಿನ್ ಮಾತಾಡದಿದ್ದಾಗ ಮೆಕ್ಯಾನಿಕ್ಕಿಗೆ ಆಗುವ ಸಂಕಟ, ಕಾಯಿಲೆ ಕಾಣದ ವೈದ್ಯನ ಸಂಕಟಕ್ಕಿಂತ ಹೆಚ್ಚಿನದು.

“ಬರ್ರಲಾ, ಒಂದು ಕೈ ಹಾಕ್ರಿ,” ಎಂದು ಯಾರೋ ಅಂದರು. ಆ ಊರಿನ ಗಂಡಸರಿಗೆ ಜೀಪು ನಿಂತಿತೆಂದರೆ ಹಿಂದಕ್ಕೆ ಹೋಗಿ ತಳ್ಳುವುದು ಇಪ್ಪತ್ತು ವರ್ಷಗಳ ಅಭ್ಯಾಸ. ಐದಾರು ಜನ ತೋಳು ಮಡಿಸಿಯೇಬಿಟ್ಟರು.

“ಮುಟ್ಟಬ್ಯಾಡ್ರಿ ಯಾರೂ!”

ಚೌಡಮ್ಮನವರು ಕಣ ದಾಟಿ ಬರುತ್ತಿದ್ದರು. ಗಂಡಸರು ಹಿಂದೆ ಸರಿದರು. ಮೂಡಲಗಿರಿಯಪ್ಪನವರು ಗಡಿಯಾರ ನೋಡಿಕೊಂಡರು. ರಾಹುಕಾಲ ಹತ್ತಿರ ಬಂದಿತ್ತು. ಅದಕ್ಕಿಂತ ಹತ್ತಿರ ಹೆಂಡತಿ ಬಂದಿದ್ದರು.

ನಿಜಾಮುದ್ದೀನರು ಸೀಟಿನ ಮೇಲೆ ಕುಳಿತು ಸುಮ್ಮನೆ ಕನ್ನಡಿ ನೋಡಿದರು. ಕನ್ನಡಿಯಲ್ಲಿ ಚೌಡಮ್ಮನವರು ಜೀಪನ್ನು ಬಳಸಿ ಹಿಂದಕ್ಕೆ ಹೋಗಿ, ಸಿಪ್ಪೆಯಲ್ಲಿ ಮೊಣಕಾಲಿನವರೆಗೆ ಹೂತು ನಿಂತು, ಗುಡ್ಡೆಯನ್ನು ಕೈಯಿಂದ ಸರಿಸಿ, ಬಗ್ಗಿ ಏನನ್ನೋ ನೋಡುವುದು ಕಂಡಿತು. ನೋಡಿ ಅವರು ಕೂಡಲೇ ಏಳಲಿಲ್ಲ. ಸುಮ್ಮನೆ ತಿರುಗಿ ಹೋಗಿದ್ದರೆ ಪಂದ್ಯ ಅವರದಾಗುತ್ತಿತ್ತು. ಹುಳಿಯಾರಿನ ರಸ್ತೆ, ಆ ಬಿಸಿಲು, ಆ ಸೀರೆ, ಎಲ್ಲದಕ್ಕೂ ಲೆಕ್ಕ ಚುಕ್ತಾ ಆಗುತ್ತಿತ್ತು. ಕನ್ನಡಿಯಲ್ಲಿ ಅವರ ತಲೆ ಮರೆಯಾಯಿತು. ತಳ್ಳುತ್ತಾರೆ, ತಾವೇ ತಳ್ಳಿ ತಾವೇ ಗುಜರಿಗೆ ಹಾಕುತ್ತಾರೆ ಎಂದುಕೊಂಡು ನಿಜಾಮುದ್ದೀನರು ಕಣ್ಣು ಮುಚ್ಚಿದರು.

ತೆರೆದಾಗ ಚೌಡಮ್ಮನವರು ಕಿಟಕಿಯ ಪಕ್ಕದಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಹಿಡಿ ಸಿಪ್ಪೆ, ಅದರ ತುದಿ ಮಸಿಯಿಂದ ಕಪ್ಪಾಗಿತ್ತು. ಹಿಂದಿನಿಂದ ಹೊಗೆ ಬಿಡುವ ಸೈಲೆನ್ಸರಿನ ಕೊಳವೆಯಲ್ಲಿ, ಜೀಪು ಗುಡ್ಡೆಗೆ ನುಗ್ಗಿದಾಗ ಬಿಗಿಯಾಗಿ ಸಿಕ್ಕಿಕೊಂಡದ್ದು ಅದು.

“ಮೂಗಿಗೆ ಸಿಪ್ಪೆ ತುರುಕಿದ್ರೆ ಯಾರಿಗಾದ್ರೂ ಉಸಿರಾಡಕ್ಕಾಯ್ತದೇನಪ್ಪ? ಹೂಂ, ಈಗ ನೋಡು.”

ಕೀಲಿ ತಿರುಗಿತು. ಇಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡು, 1971ರಲ್ಲಿ ಮಿಡಿದಂತೆಯೇ ಹದವಾಗಿ ಮಿಡಿಯಿತು. ಜೀಪು ಮೈಮೇಲಿನ ಸಿಪ್ಪೆಗಳನ್ನು ಕೊಡವಿಕೊಳ್ಳುತ್ತ ಗುಡ್ಡೆಯಿಂದ ಹೊರಬಂದು, ಆಕಾಶ ನೋಡುತ್ತಿದ್ದ ಮೂಕಿಯನ್ನು ಬಳಸಿ, ಯಾರ ಕೈಯೂ ಸೋಕದೆ, ಮೂಡಲಗಿರಿಯಪ್ಪನವರ ಇಷ್ಟದಂತೆ ಮುಂದಕ್ಕೇ ನಡೆದು, ಅಟ್ಟದ ಕೆಳಗೆ ನಿಂತಿತು. ಒಂದೂವರೆಗೆ ಇನ್ನೂ ಸ್ವಲ್ಪ ಕಾಲವಿತ್ತು. ಏಣಿ ಹಾಕಿ ಇಳಿಸಲಾದ ಸಣ್ಣತಿಮ್ಮಯ್ಯನವರು ಕಾಯಿ ಒಡೆದರು.

ನಿಜಾಮುದ್ದೀನರು ಇಳಿದು ಚೌಡಮ್ಮನವರ ಎದುರು ನಿಂತರು. ಏನೋ ಹೇಳಬೇಕೆಂದು ಬಾಯಿ ತೆರೆದರು.

“ಅಕ್ಕ, ನೀವು—”

“ನಾನು ತಳ್ಳಿಲ್ಲ ಕಣಪ್ಪ. ತೆಗೆದೆ ಅಷ್ಟೆ,” ಎಂದರು ಚೌಡಮ್ಮನವರು. ಆಮೇಲೆ ಗಂಡನ ಕಡೆ ತಿರುಗಿ, “ಗಾಡಿ ಇರ್ಲಿ ಬುಡಿ. ಆದ್ರೆ ಇನ್ಮುಂದೆ ನಿಂತ್ರೆ ನೀವೊಬ್ರೇ ತಳ್ಳಬೇಕು. ಮುಂದಕ್ಕೇ ತಳ್ರಿ, ಶಾಸ್ತ್ರ ನೋಡ್ಕಂಡು,” ಎಂದು ಒಳಗೆ ಹೋದರು.

ಆ ಬಿಳಿಯ ಅಂಗಿಯಿಂದ ನಾರಿನ ಕಂದುಬಣ್ಣ ಕಡೆಗೂ ಹೋಗಲಿಲ್ಲವೆಂದು ರಹಮತುನ್ನೀಸಾ ಬೇಗಂ ಬಹಳ ಕಾಲ ಹೇಳುತ್ತಿದ್ದರು. ಅಂದಿನಿಂದ ನಿಜಾಮುದ್ದೀನರು ಯಾವ ಯಜಮಾನರು ಏನೇ ಹೇಳಲಿ, ವಾಹನಗಳನ್ನು ಹಿಮ್ಮುಖವಾಗಿಯೇ ಹತ್ತಿಸತೊಡಗಿದರು. ಅವರ ಗ್ಯಾರೇಜಿಗೆ ಟ್ರೇಲರ್ ತಂದವರು, “ಮೂಕಿ ಮೇಲೆ ಯಾರನ್ನ ಕೂರಿಸಾನ ನಿಜಾಮಣ್ಣ?” ಎಂದು ಕೇಳದೆ ಬಿಡುತ್ತಿರಲಿಲ್ಲ. ಅವರೂ ಸಿಟ್ಟಾಗುತ್ತಿರಲಿಲ್ಲ.

ಕಾಗದಪತ್ರಗಳೆಲ್ಲ ಸರಿಯಾದ ಮೇಲೆ, ಅದೇ 1998ರ ಜೂನ್ 7, ಭಾನುವಾರ, ಹುಳಿಯಾರಿನಲ್ಲಿ ಚೌಡಮ್ಮನವರ ತಮ್ಮನ ಮೊಮ್ಮಗುವಿನ ನಾಮಕರಣವಿತ್ತು. ಅವರು ಜೀಪಿನಲ್ಲಿಯೇ, ಮುಂದಿನ ಸೀಟಿನಲ್ಲಿಯೇ ಹೋದರು. ಜೀಪು ದಾರಿಯಲ್ಲಿ ಒಮ್ಮೆಯೂ ನಿಲ್ಲಲಿಲ್ಲ. ಆದರೆ ಅವರು ಮನೆಯಿಂದ ಹೊರಟದ್ದು ನೂಲಿನ ಸೀರೆಯಲ್ಲಿ. ರೇಷ್ಮೆ ಸೀರೆ ಚೀಲದಲ್ಲಿತ್ತು. ತಮ್ಮನ ಮನೆಯ ಬಾಗಿಲಲ್ಲಿ ಇಳಿದ ಮೇಲೆಯೇ ಅದನ್ನು ಉಟ್ಟುಕೊಂಡರು.